ಡಯಲ್-ಅಪ್ ಕಾಲದ ಇ-ಮೇಲ್: ಬರುತ್ತಿತ್ತು, ಹೋಗುತ್ತಿರಲಿಲ್ಲ!

ಹೊಸಪೇಟೆ: ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ ಆರಂಭಿಸಿತು. ಮುಂದೆ ಡಯಲ್-ಅಪ್ ಬಳಸಿದ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಮನೆಗಳಿಗೂ ಒಂದೇ ನಿಯಮ: ಒಳಬರುವ ಇ-ಮೇಲ್‌ಗೆ ಒಂದು ಸರ್ವರ್, ಹೊರಹೋಗುವುದಕ್ಕೆ ಮತ್ತೊಂದು.

1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ವ್ಯವಸ್ಥೆ, ಪತ್ರ ಕಳುಹಿಸುವವರಿಂದ ಗುಪ್ತಪದ ಕೇಳುತ್ತಿರಲಿಲ್ಲ. ಅನಪೇಕ್ಷಿತ ಇ-ಮೇಲ್ ಹಾವಳಿ ಹೆಚ್ಚಿದಂತೆ, ಸೇವಾ ಸಂಸ್ಥೆಗಳು ತಮ್ಮ ಸಂಪರ್ಕದಲ್ಲಿಲ್ಲದವರ ಪತ್ರಗಳನ್ನು ನಿರಾಕರಿಸತೊಡಗಿದವು. ಆದ್ದರಿಂದ ಇ-ಮೇಲ್ ವಿಳಾಸ ಯಾರದ್ದೇ ಇರಲಿ, ಔಟ್‌ಲುಕ್ ಎಕ್ಸ್‌ಪ್ರೆಸ್‌ನಂತಹ ತಂತ್ರಾಂಶದಲ್ಲಿ ಡಯಲ್ ಮಾಡಿದ ಸಂಸ್ಥೆಯ ಎಸ್‌ಎಂಟಿಪಿ ಸರ್ವರ್ ಹೆಸರನ್ನೇ ನಮೂದಿಸಬೇಕಿತ್ತು.

ಸಂಪರ್ಕವಿಲ್ಲದೆಯೇ ಪತ್ರ ಬರೆದು ಔಟ್‌ಬಾಕ್ಸ್‌ನಲ್ಲಿರಿಸಿ, ಕಳುಹಿಸುವಾಗಷ್ಟೇ ಡಯಲ್ ಮಾಡಿದರೆ ದೂರವಾಣಿ ಶುಲ್ಕ ಉಳಿಯುತ್ತಿತ್ತು. ಇಂದು ಪೋರ್ಟ್ 587 ಅಥವಾ 465ರ ಮೂಲಕ ಬಳಕೆದಾರರ ಗುರುತು ದೃಢಪಟ್ಟರೆ, ಯಾವ ಸಂಪರ್ಕದಿಂದಲಾದರೂ ಪತ್ರ ಹೊರಡುತ್ತದೆ.