ಸಣ್ಣ ದೇಣಿಗೆ, ದೂರದ ದಾರಿ: ಜಯನಗರದ ಓಣಿಯಿಂದ ಯಳಂದೂರಿನವರೆಗೆ

ಶಾಲೆಯ ನೀರಿನ ಟ್ಯಾಂಕು, ಅಂಗನವಾಡಿಯ ಗೋಡೆ, ಆಸ್ಪತ್ರೆಯ ಬೆಂಚು. ಎಲ್ಲಾದರೂ ಒಂದು ಕಡೆ ‘ಇಂಥವರ ಕೊಡುಗೆ’ ಅಂತ ಬರೆದಿರುತ್ತದೆ. ಕೆಲವೊಮ್ಮೆ ಅದು ನಾಲಿಗೆ ಹೊರಳದ ವಿದೇಶಿ ಹೆಸರು. ದಿನಾ ನೋಡುತ್ತೇವೆ, ಓದುವುದಿಲ್ಲ. ಆ ಹಣ ಎಲ್ಲಿಂದ ಹೊರಟಿತು, ಯಾರ ಕೈ ದಾಟಿ ಬಂತು, ಮುಗಿದ ಮೇಲೆ ಊರಲ್ಲಿ ಏನು ಉಳಿಯಿತು ಎಂದು ಕೇಳುವುದೂ ಇಲ್ಲ.

ಕರ್ನಾಟಕದಲ್ಲಿ ಈ ಹಣದ ದಾರಿ ಹಿಡಿದು ಹೋದರೆ ಅದು ಹಲವು ಸಲ ದಕ್ಷಿಣ ಬೆಂಗಳೂರಿಗೆ ಬಂದು ಮುಟ್ಟುತ್ತದೆ: ಜಯನಗರ, ಜೆ.ಪಿ. ನಗರ, ಬಿಟಿಎಂ ಪಕ್ಕದ ಮಡಿವಾಳ. ಈ ಬಡಾವಣೆಗಳ ಓಣಿಗಳಲ್ಲಿ ಇರುವ ಕಚೇರಿಗಳ ಕೆಲಸ ನಡೆಯುವುದು ಗಡಿ ತಾಲ್ಲೂಕುಗಳಲ್ಲಿ. ಆ ಇತಿಹಾಸದಲ್ಲಿ ಇವತ್ತಿನ ನಮ್ಮ ಊರುಗಳಿಗೆ ಉಪಯೋಗವಾಗುವ ಒಂದು ಪಾಠ ಇದೆ ಎಂದು ನಮಗೆ ಅನ್ನಿಸಿದ್ದರಿಂದ ಈ ಬರಹ.

ಮಿಷನ್ ಕಾಲದಿಂದ ಶುರು

ಹೊರದೇಶದ ದೇಣಿಗೆ ನಮಗೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಮ್ಮಂಥ ಪತ್ರಕರ್ತರಿಗೆ ಈ ಮಿಷನ್ ಜೊತೆ ಒಂದು ನಂಟಿದೆ: ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಇದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೈಯಿಂದ. ಮೈಸೂರಿನಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಇವತ್ತಿಗೂ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಇದರಲ್ಲಿ ಧರ್ಮಪ್ರಚಾರದ ಉದ್ದೇಶವೂ ಇತ್ತು, ಶಾಲೆ ಆಸ್ಪತ್ರೆಯ ಸೇವೆಯೂ ಇತ್ತು. ಎರಡನ್ನೂ ಒಟ್ಟಿಗೇ ನೆನೆಯಬೇಕು.

ಎರಡನೇ ಮಹಾಯುದ್ಧದ ನಂತರ ಇನ್ನೊಂದು ಬಗೆಯ ದೇಣಿಗೆ ಬಂತು. 1942ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನ ಕೆಲವರು ಗ್ರೀಸ್ ದೇಶದಲ್ಲಿ ಹಸಿದವರಿಗಾಗಿ ಸಮಿತಿ ಕಟ್ಟಿದರು. ಅದೇ ಮುಂದೆ ಆಕ್ಸ್‌ಫಾಮ್ ಆಯಿತು. 1951ರಲ್ಲಿ ಬಿಹಾರದ ಬರಗಾಲಕ್ಕೆ ನೆರವು ಕೊಡುವ ಮೂಲಕ ಅದು ಭಾರತಕ್ಕೆ ಬಂತು. 1972ರಲ್ಲಿ ಶುರುವಾದ ಆಕ್ಷನ್‌ಏಡ್‌ನ ಮೊದಲ ಲೆಕ್ಕ ಇನ್ನೂ ಚಿಕ್ಕದು. ಬ್ರಿಟನ್ನಿನ 88 ಜನ, ಭಾರತ ಮತ್ತು ಕೀನ್ಯಾದ 88 ಮಕ್ಕಳು, ಒಬ್ಬರಿಗೆ ಒಂದು ಮಗುವಿನ ಓದಿನ ಹೊಣೆ.

ದೊಡ್ಡ ಸರ್ಕಾರಗಳು ಕೊಡುವ ಸಾಲ, ನೆರವಿನ ಮುಂದೆ ಇದೆಲ್ಲ ಚಿಲ್ಲರೆ. ಆದರೆ ಅಣೆಕಟ್ಟೆಗೆ ಬರುವ ಸಾಲ ಯಾವ ಹಾಡಿಯ ಬಾಗಿಲಿಗೂ ಬಂದು ‘ನಿಮಗೇನು ಬೇಕು’ ಎಂದು ಕೇಳುವುದಿಲ್ಲ. ಚಿಲ್ಲರೆ ಹಣ ಆ ಬಾಗಿಲಿನವರೆಗೆ ಹೋಗಬಲ್ಲದು.

ಹಳ್ಳಿಗಳ ಮೇಲೆ ಎದ್ದ ಬಡಾವಣೆ

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ. ಬಿಟಿಎಂ ಎಂದರೆ ಏನೋ ಇಂಗ್ಲಿಷ್ ಹೆಸರು ಅಂದುಕೊಳ್ಳಬೇಡಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲ ಅಕ್ಷರಗಳು ಅವು. ಜೆ.ಪಿ. ನಗರದ ಜೆ.ಪಿ. ಎಂದರೆ ಜಯಪ್ರಕಾಶ ನಾರಾಯಣ್.

ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಗೆ ಇಲ್ಲೇಕೆ ಕಚೇರಿ? ಹೊರದೇಶದ ದೇಣಿಗೆಗೆ ಬ್ಯಾಂಕು ಬೇಕು, ಆಡಿಟರ್ ಬೇಕು, ಇಂಗ್ಲಿಷಿನಲ್ಲಿ ವರದಿ ಬರೆಯುವವರು ಬೇಕು, ವಿಧಾನಸೌಧಕ್ಕೆ ಓಡಾಡಬೇಕು. ಅದಕ್ಕೇ ಹಣದ ವಿಳಾಸ ಜಯನಗರದ್ದಾದರೂ ಕೆಲಸದ ವಿಳಾಸ ಯಳಂದೂರಿನದ್ದು. ಈ ಎರಡು ವಿಳಾಸಗಳ ನಡುವಿನ ದೂರವೇ ಈ ಕತೆಯ ಕಷ್ಟದ ಭಾಗ.

ಜೆ.ಪಿ. ನಗರದಲ್ಲಿ ತಯಾರಾಗುವ ಕಾಲು

1968ರಲ್ಲಿ ಜೈಪುರದಲ್ಲಿ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ ಕೃತಕ ಕಾಲೊಂದನ್ನು ಮಾಡಿದರು. ವಿಲಾಯಿತಿ ಕಾಲಿಗೆ ಬೂಟು ಬೇಕು, ಕುರ್ಚಿ ಬೇಕು. ಜೈಪುರದ ಕಾಲಿನಲ್ಲಿ ಬರಿಗಾಲಲ್ಲೇ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಗೆ ಇಳಿಯಬಹುದು. ಬ್ರಿಟನ್ನಿನಲ್ಲಿ ಈ ಕಾಲಿನ ಹೆಸರಿನಲ್ಲೇ ‘ಜೈಪುರ್ ಲಿಂಬ್ ಕ್ಯಾಂಪೇನ್’ ಎಂಬ ಪುಟ್ಟ ದತ್ತಿಸಂಸ್ಥೆ ಹುಟ್ಟಿತು. ಅದು ಕೈಜೋಡಿಸಿದ ಸಂಸ್ಥೆಗಳಲ್ಲಿ ಒಂದು ಜೆ.ಪಿ. ನಗರ 2ನೇ ಹಂತದಲ್ಲಿರುವ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ.

ಇಲ್ಲಿ ಗಮನಿಸಬೇಕಾದ್ದು ಹಣ ಯಾವುದಕ್ಕೆ ಖರ್ಚಾಯಿತು ಎಂಬುದು. ಕೃತಕ ಕಾಲು ಹಂಚುವ ಶಿಬಿರ ನಾವೆಲ್ಲ ನೋಡಿದ್ದೇವೆ: ಶಾಮಿಯಾನ, ಹಾರ, ಫೋಟೊ. ಆದರೆ ಕಾಲು ಒಂದು ಸಲ ಕೊಟ್ಟು ಮರೆಯುವ ವಸ್ತುವಲ್ಲ. ಮಗು ಬೆಳೆದರೆ ಹೊಸದು ಬೇಕು. ಪಟ್ಟಿ ಹರಿದರೆ, ಕ್ಯಾಲಿಪರ್ ತಿರುಪು ಸಡಿಲವಾದರೆ ರಿಪೇರಿ ಬೇಕು. ರಿಪೇರಿ ಮಾಡುವವರು ಹತ್ತಿರದಲ್ಲಿ ಇಲ್ಲದಿದ್ದರೆ ಶಿಬಿರದಲ್ಲಿ ಕೊಟ್ಟ ಕಾಲು ಮನೆಯ ಮೂಲೆ ಸೇರುತ್ತದೆ.

ಮೊಬಿಲಿಟಿ ಇಂಡಿಯಾ ಕಾಲು ತಯಾರಿಸುವುದರ ಜೊತೆಗೆ ತಯಾರಿಸುವವರನ್ನೂ ತಯಾರು ಮಾಡಿತು. ಗಂಡಸರೇ ತುಂಬಿದ್ದ ಈ ಕಸುಬಿಗೆ ಹೆಣ್ಣುಮಕ್ಕಳನ್ನು, ಅದರಲ್ಲೂ ಸ್ವತಃ ಅಂಗವಿಕಲರಾದ ಹೆಣ್ಣುಮಕ್ಕಳನ್ನು ತಂದಿತು. ಕಾಲು ಕಳೆದುಕೊಂಡ ಹೆಂಗಸು ಗಂಡಸು ಟೆಕ್ನಿಷಿಯನ್ ಮುಂದೆ ಅಳತೆ ಕೊಡಲು ಹಿಂಜರಿಯುತ್ತಾಳೆ. ಇದು ವರದಿಯ ಅಂಕಿಗಳಲ್ಲಿ ಕಾಣದ ಮಾತು. ಮುಂದೆ ನೆರೆ ದೇಶಗಳವರೂ ಈ ಕಸುಬು ಕಲಿಯಲು ಜೆ.ಪಿ. ನಗರಕ್ಕೆ ಬಂದರು. ಹೊರಗಿನ ನೆರವು ಪಡೆದ ಜಾಗ ಹೊರಗಿನವರಿಗೆ ಕಲಿಸುವ ಜಾಗವಾಯಿತು.

ಬೆಟ್ಟ, ಬಹುಮಾನ, ಮೂವತ್ತು ರೂಪಾಯಿ

ಇನ್ನೊಂದು ಕತೆ ಚಾಮರಾಜನಗರ ಕಡೆಯದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಶುರು ಮಾಡಿದ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬಂತು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಿತ್ತು. ಅದಕ್ಕಾಗಿ 1980ರ ದಶಕದಲ್ಲೇ ಕರುಣಾ ಟ್ರಸ್ಟ್ ಹುಟ್ಟಿತು. ಬೆಂಗಳೂರಿನಲ್ಲಿ ಅದರ ಕಚೇರಿ ಇರುವುದು ಜಯನಗರದಲ್ಲಿ.

1987ರಲ್ಲಿ ಯಳಂದೂರಿನಲ್ಲಿ ಸಾವಿರ ಜನರಿಗೆ 21ಕ್ಕೂ ಹೆಚ್ಚು ಕುಷ್ಠರೋಗಿಗಳಿದ್ದರು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಹಲವು ಔಷಧಿ ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿತ್ತು. ಆದರೆ ಮಾತ್ರೆ ತಾನಾಗಿ ಮನೆಗೆ ನಡೆದು ಬರುವುದಿಲ್ಲ. ಮೈಮೇಲಿನ ಮಚ್ಚೆ ಮುಚ್ಚಿಟ್ಟುಕೊಳ್ಳುವ ಮನೆಗೆ ಹೋಗಿ ಮಾತಾಡಿಸುವವರು, ತಿಂಗಳು ತಿಂಗಳು ಮಾತ್ರೆ ನುಂಗಿದ್ದೀರಾ ಎಂದು ವಿಚಾರಿಸುವವರು ಬೇಕು.

1994ರಲ್ಲಿ ಬೆಟ್ಟದ ಕೆಲಸಕ್ಕೆ ಸ್ವೀಡನ್ನಿನ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ ಬಂತು. ಅದರ ಮೂಲವೂ ಸ್ವಾರಸ್ಯದ್ದು. 1980ರಲ್ಲಿ ಯಾಕೊಬ್ ಫಾನ್ ಊಕ್ಸ್‌ಕುಲ್ ಎಂಬವರು ತಾವು ಕೂಡಿಟ್ಟ ಅಂಚೆಚೀಟಿಗಳ ಸಂಗ್ರಹ ಮಾರಿ, ಆ ಹಣದಿಂದ ಈ ಪ್ರಶಸ್ತಿ ಆರಂಭಿಸಿದರು.

1996ರಲ್ಲಿ ಕರುಣಾ ಟ್ರಸ್ಟ್ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿತು. ಕಟ್ಟಡ ಸರ್ಕಾರದ್ದು, ಖರ್ಚಿನ ಬಹುಪಾಲು ಸರ್ಕಾರದ್ದು. ಉಳಿದ ಪಾಲನ್ನು ಟ್ರಸ್ಟ್ ಹೊಂದಿಸಬೇಕು. ದೇಣಿಗೆಗೆ ಕೆಲಸ ಇರುವುದು ಆ ಉಳಿದ ಪಾಲಿನಲ್ಲೇ. ಮೂರ್ಛೆರೋಗ, ಮಾನಸಿಕ ಆರೋಗ್ಯ, ಕಣ್ಣಿನ ಚಿಕಿತ್ಸೆಯಂಥ ಸೇವೆಗಳು ಹಳ್ಳಿಯ ಆಸ್ಪತ್ರೆಯಲ್ಲೂ ಸಾಧ್ಯ ಎಂದು ಗುಂಬಳ್ಳಿ ತೋರಿಸಿತು. 2006ರಿಂದ ಟ್ರಸ್ಟ್ ಇದೇ ಮಾದರಿಯನ್ನು ಅರುಣಾಚಲ ಪ್ರದೇಶಕ್ಕೂ ಒಯ್ದಿತು.

2002ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಟಿ. ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ಒಂದು ಆರೋಗ್ಯ ವಿಮೆಯ ಪ್ರಯೋಗ ನಡೆಯಿತು. ತಲೆಗೆ ವರ್ಷಕ್ಕೆ 30 ರೂಪಾಯಿ ಆಸುಪಾಸಿನ ಕಂತು, ಬಡವರಿಗೆ ಅದರಲ್ಲೂ ಸಬ್ಸಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದರೆ ದಿನಕ್ಕೆ 50 ರೂಪಾಯಿ ಔಷಧಿಗೆ, ಇನ್ನೊಂದು 50 ರೂಪಾಯಿ ತಪ್ಪಿದ ಕೂಲಿಗೆ. ಆ ಎರಡನೇ ಐವತ್ತನ್ನು ನೋಡಿ. ಕೂಲಿ ಹೋಗುತ್ತದೆ ಎಂಬ ಭಯಕ್ಕೇ ಎಷ್ಟೋ ಜನ ಆಸ್ಪತ್ರೆಗೆ ಸೇರುವುದಿಲ್ಲ. ಈ ಯೋಜನೆ ಮಾಡಿದವರಿಗೆ ಅದು ಗೊತ್ತಿತ್ತು. ಮರುವರ್ಷ, 2003ರಲ್ಲಿ, ಸಹಕಾರ ಸಂಘದ ಸದಸ್ಯರಿಗೆ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ಯಶಸ್ವಿನಿ ಬಂತು. ಅದು ಬೇರೆಯೇ ಯೋಜನೆ, ಶಸ್ತ್ರಚಿಕಿತ್ಸೆಗೆಂದು ಮಾಡಿದ್ದು. ಆದರೆ ಬಡವರೂ ವಿಮೆಯ ಕಂತು ಕಟ್ಟುತ್ತಾರೆ ಎಂಬ ನಂಬಿಕೆ ಎರಡರ ಬುಡದಲ್ಲೂ ಒಂದೇ.

ಮಡಿವಾಳದ ಕಡೆ: ಜನರನ್ನು ಕಲಿಸಿದ ಹಣ

1984ರಲ್ಲಿ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ಮತ್ತು ಕೆಲವು ಜೊತೆಗಾರರು ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ ಹೊರಬಂದು ‘ಕಮ್ಯುನಿಟಿ ಹೆಲ್ತ್ ಸೆಲ್’ ಶುರು ಮಾಡಿದರು. ಕೋರಮಂಗಲ–ಮಡಿವಾಳದ ಆಸುಪಾಸಿನಲ್ಲೇ ಅದು ಬೆಳೆಯಿತು. ಅವರು ಆಸ್ಪತ್ರೆ ಕಟ್ಟಲಿಲ್ಲ. ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಸಣ್ಣ ಗುಂಪುಗಳಿಗೆ ಕಲಿಸಿದರು, ಒಬ್ಬರನ್ನೊಬ್ಬರಿಗೆ ಪರಿಚಯಿಸಿದರು. 2000ದ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಸಾವರ್‌ನಲ್ಲಿ ಹಲವು ದೇಶಗಳ ಜನ ಸೇರಿ ಜನಾರೋಗ್ಯ ಚಳವಳಿ ಆರಂಭಿಸಿದರು. ಕೆಲ ವರ್ಷಗಳ ನಂತರ ಅದರ ಜಾಗತಿಕ ಕಾರ್ಯಾಲಯವನ್ನು ಬೆಂಗಳೂರಿನಿಂದ ನಡೆಸಿದ್ದು ಈ ತಂಡವೇ.

1999ರಲ್ಲಿ ಕರ್ನಾಟಕ ಸರ್ಕಾರ ಆರೋಗ್ಯ ಕಾರ್ಯಪಡೆ ರಚಿಸಿದಾಗ ಡಾ. ಸುದರ್ಶನ್ ಅಧ್ಯಕ್ಷರಾದರು, ಡಾ. ಥೆಲ್ಮಾ ನಾರಾಯಣ್ ಸದಸ್ಯರಲ್ಲಿ ಒಬ್ಬರಾದರು. 2001ರಲ್ಲಿ ವರದಿ ಬಂತು. ಬೆಟ್ಟದಲ್ಲಿ, ಹಳ್ಳಿಗಳಲ್ಲಿ ಕಲಿತದ್ದು ಹೀಗೆ ಸರ್ಕಾರದ ಮೇಜಿನವರೆಗೆ ಹೋಯಿತು.

ಆಶಾ ಕಾರ್ಯಕರ್ತೆಯ ಕಲ್ಪನೆಯೂ ಹೀಗೆ ಬಂದದ್ದೇ. 1970ರಿಂದ ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ ಹಳ್ಳಿಯ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದರು. ಅಂಥ ಹಲವು ಪ್ರಯೋಗಗಳ ಅನುಭವ 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಹಿಂದೆ ಇತ್ತು.

ಕಾನೂನಿನ ಬಾಗಿಲು

ಹೊರಗಿನ ಹಣದ ಬಗ್ಗೆ ಸರ್ಕಾರಕ್ಕೆ ಅನುಮಾನವೂ ಹಳೆಯದು. 1976ರಲ್ಲಿ, ತುರ್ತುಪರಿಸ್ಥಿತಿಯ ನಡುವೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಬಂತು. ಇಂದಿರಾ ಗಾಂಧಿ ‘ವಿದೇಶಿ ಕೈ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದ ದಿನಗಳವು. 1975ರಲ್ಲಿ ಜೈಲು ಸೇರಿದ್ದ ಜಯಪ್ರಕಾಶರ ಹೆಸರಿನ ನಗರದಲ್ಲೇ ಮುಂದೆ ಇಂಥ ದೇಣಿಗೆಯ ಕಚೇರಿಗಳು ಬಂದವು. 2010ರಲ್ಲಿ ಕಾಯ್ದೆ ಹೊಸದಾಯಿತು, 2020ರಲ್ಲಿ ಇನ್ನಷ್ಟು ಬಿಗಿಯಾಯಿತು.

2020ರ ತಿದ್ದುಪಡಿಯಲ್ಲಿ ಹಳ್ಳಿಗೆ ತಟ್ಟುವ ಅಂಶಗಳಿವೆ. ವಿದೇಶಿ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕಚೇರಿ ಖರ್ಚಿನ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಹೊಸದಾಗಿ ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು.

ಲೆಕ್ಕ ಸರಿ ಇರಬೇಕು ಎಂಬುದಕ್ಕೆ ಯಾರ ತಕರಾರೂ ಇಲ್ಲ. ದೇಣಿಗೆಯ ಹೆಸರಿನಲ್ಲಿ ಜೀಪು, ಬಾಡಿಗೆ, ಸಭೆಗಳಿಗೇ ಹಣ ಕರಗಿಸುವ ಸಂಸ್ಥೆಗಳನ್ನು ಜಿಲ್ಲೆಗಳಲ್ಲಿ ನಾವೂ ನೋಡಿದ್ದೇವೆ. ಆದರೆ ನಗರದ ದೊಡ್ಡ ಸಂಸ್ಥೆ ಹೊರಗಿನ ಹಣ ಪಡೆದು, ಅದರಲ್ಲಿ ಒಂದೆರಡು ಲಕ್ಷವನ್ನು ತಾಲ್ಲೂಕಿನ ಚಿಕ್ಕ ಗುಂಪಿಗೆ ಕೊಡುತ್ತಿದ್ದ ದಾರಿ ಮುಚ್ಚಿದೆ. 15 ಲಕ್ಷ ಖರ್ಚು ತೋರಿಸಲಾಗದ ಗುಂಪು ನೇರವಾಗಿ ನೋಂದಣಿಯನ್ನೂ ಪಡೆಯುವುದು ಕಷ್ಟ. ಅಂದರೆ ಸಣ್ಣ ದೇಣಿಗೆ ಯಾರಿಗಾಗಿ ಇತ್ತೋ ಅವರಿಗೇ ಅದು ದೂರವಾಗಿದೆ. ಕಂಪನಿಗಳು ಲಾಭದ ಶೇ 2ರಷ್ಟು ಸಮಾಜಕ್ಕೆ ಕೊಡಬೇಕೆಂಬ ನಿಯಮ 2014ರಿಂದ ಇದೆ. ಆದರೆ ಅದರ ಅರ್ಜಿ, ವರದಿಗಳನ್ನು ನಿಭಾಯಿಸುವುದೂ ಕಚೇರಿ, ಸಿಬ್ಬಂದಿ ಇರುವವರಿಗೇ ಸುಲಭ.

ನಮ್ಮೂರಲ್ಲೇ ಇರುವ ಸಣ್ಣ ಹಣ

ಈ ಎಲ್ಲ ಕತೆಗಳಲ್ಲಿ ಕೆಲಸ ಉಳಿದದ್ದು ಎರಡು ಕಡೆ: ಸ್ಥಳೀಯರು ಕಸುಬು ಕಲಿತ ಕಡೆ ಮತ್ತು ಸರ್ಕಾರದ ವ್ಯವಸ್ಥೆಯೊಳಗೆ ಆ ಕೆಲಸ ಸೇರಿಕೊಂಡ ಕಡೆ. ಹಣದ ಮೊತ್ತ ಎಷ್ಟಿತ್ತು ಎಂಬುದು ಆಮೇಲಿನ ಮಾತು.

ಇದನ್ನು ನಾವು ಇವತ್ತೇ ಪರೀಕ್ಷಿಸಬಹುದು. ಪ್ರತಿ ಕಂದಾಯ ಗ್ರಾಮಕ್ಕೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಆರೋಗ್ಯ ಮಿಷನ್ ಮಾರ್ಗಸೂಚಿ ಪ್ರಕಾರ ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ, ಇಂಥದ್ದಕ್ಕೇ ಎಂದು ಕಟ್ಟಿಹಾಕದ ಹಣ ಬರಬೇಕು. ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯಕರ್ತೆ ಸದಸ್ಯ ಕಾರ್ಯದರ್ಶಿ. ಶಾಲೆಗೆ 2001ರಿಂದ ಎಸ್‌ಡಿಎಂಸಿ ಇದೆ, ಅದರಲ್ಲಿ ಮಕ್ಕಳ ತಂದೆ ತಾಯಿಯರೇ ಇರುತ್ತಾರೆ. ಇವಕ್ಕೆ ಬರುವ ಅನುದಾನಕ್ಕೆ ದೆಹಲಿ ಬ್ಯಾಂಕಿನ ಖಾತೆಯೂ ಬೇಡ, ಇಂಗ್ಲಿಷ್ ಅರ್ಜಿಯೂ ಬೇಡ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ನಮ್ಮ ಸಮಿತಿಯ ಸದಸ್ಯರು ಯಾರು? ಈ ವರ್ಷ ಎಷ್ಟು ಹಣ ಬಂತು, ಯಾವುದಕ್ಕೆ ಹೋಯಿತು? ಆ ಖರ್ಚಿನಿಂದ ಊರಲ್ಲಿ ಉಳಿದದ್ದೇನು? ಆಶಾ ಅಕ್ಕನನ್ನು ಕಟಕಟೆಗೆ ನಿಲ್ಲಿಸಿದ ಹಾಗೆ ಕೇಳಬೇಡಿ, ಹಣ ತಡವಾದರೆ ಅದು ಅವರ ತಪ್ಪಲ್ಲ. ಅವರ ಜೊತೆ ನಿಂತು ಕೇಳಿ. ಉತ್ತರ ಪಾಸ್‌ಬುಕ್ಕಿನಲ್ಲಿ ಇರುತ್ತದೆ. ಅದನ್ನು ಎಲ್ಲರಿಗೂ ಕೇಳುವಂತೆ ಓದಿಸಿ.