ಕೆಮಾರಿ ತೈಲಾಗಾರ ದಾಳಿ (1971)

ಭಾರತ–ಪಾಕಿಸ್ತಾನ ಯುದ್ಧದಲ್ಲಿ ಕರಾಚಿ ಬಂದರಿನ ಕೆಮಾರಿ ತೈಲ ಸಂಗ್ರಹಾಗಾರಗಳ ಮೇಲೆ ಭಾರತ ನಡೆಸಿದ ದಾಳಿಗಳು. ಡಿಸೆಂಬರ್ 4ರಂದು ಜಾಮ್‌ನಗರದಿಂದ ಹಾರಿದ ಹಂಟರ್ ವಿಮಾನಗಳು ಹಗಲಿನಲ್ಲೇ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿದವು. ಹಂಟರ್ ಮೂಲತಃ ಯುದ್ಧವಿಮಾನ. ಆದರೆ ನೆಲದ ಗುರಿಗೆ ಅದರ ನಾಲ್ಕು 30 ಮಿ.ಮೀ. ಫಿರಂಗಿಗಳು ಹಗುರ ಬಾಂಬರಿನಷ್ಟೇ ಮಾರಕ. ತೆಳು ಉಕ್ಕಿನ ಟ್ಯಾಂಕ್ ಬಯಲಲ್ಲಿ ನಿಂತಿರುತ್ತದೆ, ಒಂದು ಹೊತ್ತಿಕೊಂಡರೆ ಪಕ್ಕದ್ದು ಉಳಿಯುವುದು ಕಷ್ಟ. ಅಂದು ರಾತ್ರಿ ‘ಟ್ರೈಡೆಂಟ್’ ಕಾರ್ಯಾಚರಣೆಯ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆರಗಿದವು. ಕೆಮಾರಿಯ ಬೆಂಕಿಯ ಶ್ರೇಯಸ್ಸಿಗಾಗಿ ನೌಕಾಪಡೆ, ವಾಯುಪಡೆಗಳ ನಡುವೆ ಬಹುಕಾಲ ಜಗ್ಗಾಟ ನಡೆಯಿತು; ಮೊದಲ ಕಿಡಿ ಹಂಟರ್‌ಗಳದ್ದೆನ್ನುವುದೇ ಹೆಚ್ಚು ನಂಬಲರ್ಹ. ಡಿಸೆಂಬರ್ 8–9ರ ರಾತ್ರಿ ‘ಪೈಥಾನ್’ ಕಾರ್ಯಾಚರಣೆಯಲ್ಲಿ ‘ವಿನಾಶ್’ ದೋಣಿಯ ಕ್ಷಿಪಣಿ ಮತ್ತೆ ಕೆಮಾರಿಗೆ ಬಡಿಯಿತು.

ವಾಯುಪಡೆಯ ನಿಜವಾದ ಹಗುರ ಬಾಂಬರ್ ಕ್ಯಾನ್‌ಬೆರಾ. 1957ರಲ್ಲಿ ಸೇರಿ 2007ರಲ್ಲಿ ನಿವೃತ್ತಿಯಾಯಿತು. ಹಂಟರ್, ಕ್ಯಾನ್‌ಬೆರಾ ಎರಡರದೂ ರೋಲ್ಸ್ ರಾಯ್ಸ್ ಏವನ್ ಎಂಜಿನ್. ಅವುಗಳ ಕೂಲಂಕಷ ದುರಸ್ತಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಆಗುತ್ತಿತ್ತು. ಕೆಮಾರಿಯಂತೆ ಬಯಲಲ್ಲಿ ನಿಂತ ಟ್ಯಾಂಕ್ ಸುಲಭ ಗುರಿ; ಕೊಳವೆ ಹಾಗಲ್ಲ. ಇಂದು ಮಂಗಳೂರಿನ ಇಂಧನ ಘಟ್ಟ ಹತ್ತಿ ಹಾಸನದ ಮೂಲಕ ಬೆಂಗಳೂರಿಗೆ ಹೋಗುವುದು ನೆಲದಡಿಯ ಕೊಳವೆಯಲ್ಲಿ. ಆಕಾಶದಿಂದ ನೋಡುವವನಿಗೆ ಹಾಸನದಂಥ ಡಿಪೊಗಳ ಟ್ಯಾಂಕ್‌ಗಳಷ್ಟೇ ಕಾಣುತ್ತವೆ.