ಮದ್ದು, ಭೈಷಜ್ಯ, ದವಾಖಾನಿ

ಕೃಷ್ಣೆ ತುಂಗಭದ್ರೆಯರ ನಡುವಣ ಈ ಎಡೆದೊರೆನಾಡನ್ನು ಆಳಿದ ಮನೆತನಗಳು ಒಂದೆರಡಲ್ಲ. ಬಂದವರು ಕೋಟೆ ಕಟ್ಟಿದರು, ಕಂದಾಯ ಎತ್ತಿದರು, ಹೋದರು. ಅವರ ಕಾಲದ ಮಾತುಗಳು ಮಾತ್ರ ಪಾಮನಕಲ್ಲೂರಿನಂಥ ಊರುಗಳ ಬೇನೆ ಬೇಸರಿಕೆಯ ನುಡಿಯಲ್ಲಿ ನೆಲೆನಿಂತವು.

ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಅಶೋಕನ ಹೆಸರು 1915ರಲ್ಲಿ ಕಣ್ಣಿಗೆ ಬಿತ್ತು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ, ಇಲ್ಲದ ಕಡೆ ಮೂಲಿಕೆ ತರಿಸಿ ನೆಡಿಸಿದ ಸಂಗತಿ ಆ ಬಂಡೆಯಲ್ಲಿಲ್ಲ. ಅದನ್ನು ಓದಲು ತುಂಗಭದ್ರೆ ದಾಟಿ ಎರ್ರಗುಡಿಯಲ್ಲಿರುವ ಅವನ ಶಾಸನಕ್ಕೆ ಹೋಗಬೇಕು. ಅಲ್ಲಿ ಪ್ರಾಕೃತದಲ್ಲಿ ಕಾಣುವ ಚಿಕಿತ್ಸೆ ಎಂಬ ಮಾತಿನ ಬೇರು ‘ಚಿತ್’ ಧಾತು. ಅರಿಯಬೇಕೆಂಬ ಬಯಕೆಯೇ ಅದರ ಮೊದಲ ಅರ್ಥ. ರೋಗವನ್ನು ಅರಿಯುವುದು ಮೊದಲು, ಗುಣಪಡಿಸುವುದು ಆಮೇಲೆ ಎಂಬುದು ಹಳಬರ ಲೆಕ್ಕ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ವೈದ್ಯ ಕನ್ನಡದಲ್ಲಿ ಗ್ರಂಥಸ್ಥವಾಗತೊಡಗಿತು. ಆರನೆಯ ವಿಕ್ರಮಾದಿತ್ಯನ ತಮ್ಮ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಸಿಂಹಾಸನದ ಪಕ್ಕದಲ್ಲಿ ಬೆಳೆದ ರಾಜಕುಮಾರನೊಬ್ಬ ದನದ ಕೊಟ್ಟಿಗೆಯ ಕಾಯಿಲೆಗಳಿಗೆ ಲೇಖನಿ ಹಿಡಿದನೆಂಬುದು ಸಣ್ಣ ಮಾತಲ್ಲ. ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ, ಮದ್ಯ ಮಾಂಸಗಳನ್ನು ಸೋಕಿಸದ ಜೈನ ವೈದ್ಯ ಅದು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ, ರೋಗಿಗಳಿಗೆ ಮದ್ದು ಕೊಡುತ್ತಿದ್ದ ತಾಣವನ್ನು ಭೈಷಜ್ಯಸ್ಥಾನವೆಂದು ಕರೆಯಿತು. ಅಷ್ಟು ಗಂಭೀರವಾದ ಹೆಸರು ಜನರ ನಾಲಗೆಗೆ ಏಕೆ ಹತ್ತಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ನಾಲಗೆಗೆ ಹತ್ತಿದ್ದು ಮದ್ದು. ಹಳಗನ್ನಡದಲ್ಲಿ ಅದು ‘ಮರ್ದು’, ತಮಿಳಿನ ‘ಮರುಂದು’ವಿನ ಒಡಹುಟ್ಟು. ಕಾಯಿಲೆ ಕಳೆಯುವುದೂ ಮದ್ದೇ, ಹಗೆಯ ಊಟದಲ್ಲಿ ಬೆರೆಸುವುದೂ ಮದ್ದೇ. ದಿನದಿನಕ್ಕೆ ಸೊರಗುವವನನ್ನು ಕಂಡು ‘ಯಾರೋ ಮದ್ದು ಹಾಕ್ಯಾರ’ ಎಂದು ಪಿಸುಗುಟ್ಟುವ ಮುದುಕಿಯರಿಗೆ ಈ ಎರಡು ಅರ್ಥಗಳ ನಡುವೆ ಗೊಂದಲವೇ ಇಲ್ಲ. ವಿಜಯನಗರದ ಮೊದಲ ದಿನಗಳಲ್ಲಿ, ಸುಮಾರು 1360ರಲ್ಲಿ, ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಕಾವ್ಯ ರಚಿಸಿದ. ಖಗೇಂದ್ರನೆಂದರೆ ಗರುಡ, ಹಾವುಗಳ ವೈರಿ. ಗಿಡ ಖನಿಜಗಳ ವಿಷ ಸ್ಥಾವರ, ಹಾವು ಚೇಳುಗಳದು ಜಂಗಮ. ಶರಣರು ದೇಗುಲಕ್ಕೂ ದೇಹಕ್ಕೂ ಬಳಸಿದ ಜೋಡಿಪದಗಳೇ ಇಲ್ಲಿ ನಂಜಿನ ವಿಂಗಡಣೆಗೆ ಬಂದಿವೆ. ಕನ್ನಡ ವೈದ್ಯಗ್ರಂಥಗಳಲ್ಲಿ ಇದಕ್ಕೇ ನನ್ನ ಮೊದಲ ಮಣೆ.

ಮುಂದೆ ಮದ್ದಿಗೆ ಮೂರನೆಯ ಅರ್ಥವೂ ಕೂಡಿತು. 1520ರಲ್ಲಿ ರಾಯಚೂರಿನ ಮುಂದೆ ಕೃಷ್ಣದೇವರಾಯನ ಪಡೆಯ ಮೇಲೆ ಆದಿಲ್‌ಶಾಹಿ ಫಿರಂಗಿಗಳು ಉಗುಳಿದ್ದೂ ಮದ್ದೇ. ಪಾರಸಿಯ ‘ದಾರೂ’ಗೂ ಇದೇ ಗತಿ: ಔಷಧವೂ ಹೌದು, ಸಿಡಿಮದ್ದೂ ಹೌದು, ದಖ್ಖನ್ನಿನಲ್ಲಿ ಕೊನೆಗೆ ಸೆರೆಯೂ ಆಯಿತು.

ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಉರ್ದುವಿನೊಡನೆ ಹಕೀಮರೂ ಯುನಾನಿಯೂ ದವಾಖಾನಿಯೂ ಹಳ್ಳಿಗಳ ಮಾತಿಗೆ ಇಳಿದವು. ಯುನಾನಿ ಎಂದರೆ ಗ್ರೀಕರದು. ‘ದವಾ’ ಅರಬ್ಬಿ, ‘ಖಾನಾ’ ಪಾರಸಿ, ಕೊನೆಯ ಇಕಾರ ನಮ್ಮದು. ಅದೇ ನಿಜಾಮರ ಸೀಮೆಯ ನಡುವಿನ ಸಿಕಂದರಾಬಾದ್ ದಂಡಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯನ್ನು ಸೀಳಿ ಮಲೇರಿಯಾದ ಜೀವಿಯನ್ನು ಕಂಡ. ಇಟಾಲಿಯನ್ನರು ಕೆಟ್ಟ ಗಾಳಿಯೇ ಕಾರಣವೆಂದು ನಂಬಿ ಆ ಹೆಸರಿಟ್ಟಿದ್ದರು. ಕಾರಣ ಸುಳ್ಳಾಯಿತು, ಹೆಸರು ಉಳಿಯಿತು. ಕಾರಣದ ಗೋಜಿಗೇ ಹೋಗದೆ ಮೈಗೆ ಆದದ್ದನ್ನಷ್ಟೇ ಹೇಳಿದ ನಮ್ಮ ‘ಚಳಿಜ್ವರ’ಕ್ಕೆ ಆ ಮುಜುಗರವಿಲ್ಲ.

1956ರಲ್ಲಿ ರಾಯಚೂರು ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಸರ್ಕಾರದ ಫಲಕಗಳಿಗೆ ಆಸ್ಪತ್ರೆ ಎಂಬ ಮಾತು ಬಂತು. ಅದೂ ಹೊರಗಿನದೇ, ಯುರೋಪಿನ ‘ಹಾಸ್ಪಿಟಲ್’ ಕುಲದ್ದು. ಫಲಕ ಏನೇ ಹೇಳಲಿ, ಈ ಭಾಗದ ಹಿರಿಯರು ಹೋಗುವುದು ಇಂದಿಗೂ ದವಾಖಾನಿಗೇ.